ಗೋಡೆಯೊಳಗಿನ ಸೌದೆ

ಒಂದು ಸುಟ್ಟ ಇಟ್ಟಿಗೆಯನ್ನು ಕೈಗೆತ್ತಿಕೊಂಡರೆ ಅದರ ಜೊತೆಗೆ ಸುಮಾರು ಕಾಲು ಕಿಲೋ ಸೌದೆಯನ್ನೂ ಎತ್ತಿಕೊಂಡಂತೆ. ಹಸಿ ಜೇಡಿಮಣ್ಣು ಕಲ್ಲಿನಂತೆ ಗಟ್ಟಿಯಾಗಬೇಕಾದರೆ ಗೂಡಿನೊಳಗೆ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು. ಆ ಕಾವಿನಲ್ಲಿ ಮಣ್ಣಿನ ಕಣಗಳ ಅಂಚುಗಳು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಉರಿದ ಸೌದೆ ಹೊಗೆಯಾಗಿ ಊರು ಬಿಟ್ಟು ಹೋಗುತ್ತದೆ, ಬೆಸುಗೆ ಇಟ್ಟಿಗೆಯಲ್ಲಿ ನಿಲ್ಲುತ್ತದೆ. ನೂರು ವರ್ಷ ಕಳೆದರೂ ಆ ಬೆಸುಗೆ ಸಡಿಲವಾಗುವುದಿಲ್ಲ.

ಈ ಲೆಕ್ಕವನ್ನು ನಮ್ಮ ನೆಲದಲ್ಲೇ, ನಮ್ಮ ಇಟ್ಟಿಗೆ ಗೂಡುಗಳನ್ನೇ ನೋಡಿ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಶುರುವಾಯಿತು. ಹಳ್ಳಿಗಾಡಿಗೆ ಒದಗುವ ತಂತ್ರಜ್ಞಾನ ಅದರ ಕಾಳಜಿ. ಆ ಬಳಗದ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಕಟ್ಟಡ ಸಾಮಗ್ರಿಗಳಲ್ಲಿ ಎಷ್ಟೆಷ್ಟು ಶಕ್ತಿ ಅಡಗಿದೆ ಎಂದು ಅಳೆದು 2003ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಭಾರತದ ಕಟ್ಟಡ ವಿಜ್ಞಾನದ ಆಧಾರಗಳಲ್ಲಿ ಒಂದು. ಅವರ ಲೆಕ್ಕದಲ್ಲಿ ಒಂದು ಸುಟ್ಟ ಇಟ್ಟಿಗೆಗೆ 4.25 ಮೆಗಾಜೂಲ್. ಒಂದು ಕಿಲೋ ಸಿಮೆಂಟಿಗೆ 5.85, ಒಂದು ಕಿಲೋ ಉಕ್ಕಿಗೆ 42, ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ 236.8 ಮೆಗಾಜೂಲ್. ಒಣ ಸೌದೆ ಕಿಲೋಗೆ 16 ಮೆಗಾಜೂಲ್‌ನಷ್ಟು ಶಾಖ ಕೊಡುತ್ತದೆ ಎಂದಿಟ್ಟುಕೊಂಡರೆ ಮೊದಲ ಸಾಲಿನ ಕಾಲು ಕಿಲೋ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಹೀಗೆ ಸಾಮಗ್ರಿಯೊಳಗೆ ಹೂತುಹೋದ ಶಕ್ತಿಯನ್ನು ಅಡಕ ಶಕ್ತಿ ಎನ್ನುತ್ತಾರೆ.

ಈಗ ಒಂದು ಕಟ್ಟಡವನ್ನು ಊಹಿಸಿಕೊಳ್ಳೋಣ. ಮಂಡ್ಯ ಸೀಮೆಯ ಯಾವುದೇ ಊರಿನ ಅಂಚಿನಲ್ಲಿ ಕಾಣುವಂಥ ಹಳೆಯ ಅಕ್ಕಿ ಗಿರಣಿ ಅಥವಾ ಗೋದಾಮು. 30 ಮೀಟರ್ ಉದ್ದ, 15 ಮೀಟರ್ ಅಗಲ, 6 ಮೀಟರ್ ಎತ್ತರದ ಗೋಡೆ, ಗೋಡೆಯ ದಪ್ಪ ಒಂದೂವರೆ ಇಟ್ಟಿಗೆ. ಬಾಗಿಲು ಕಿಟಕಿಗಳನ್ನು ಕಳೆದರೆ 150 ಘನ ಮೀಟರ್ ಗೋಡೆ, ಅಂದರೆ ಸುಮಾರು 75,000 ಇಟ್ಟಿಗೆ. ಅಡಕ ಶಕ್ತಿ 3 ಲಕ್ಷ 20 ಸಾವಿರ ಮೆಗಾಜೂಲ್. ಸೌದೆಯಲ್ಲಿ ಹೇಳಿದರೆ 20 ಟನ್. ಮೇಲಿನ ಉಕ್ಕಿನ ತೊಲೆಗಳು, ಪಟ್ಟಿಗಳು ಚದರ ಮೀಟರಿಗೆ 15 ಕಿಲೋ ಎಂದರೂ ಆರೂವರೆ ಟನ್ನಿನ ಮೇಲಾಗುತ್ತವೆ. ಗೋಡೆಯ ತೂಕ ಇದರ ನಲವತ್ತು ಪಟ್ಟು. ಆದರೆ ಶಕ್ತಿಯ ತಕ್ಕಡಿಯಲ್ಲಿ ಆ ಆರೂವರೆ ಟನ್ ಉಕ್ಕು ಇಡೀ ಗೋಡೆಗೆ ಹೆಚ್ಚುಕಡಿಮೆ ಸಮ: 2 ಲಕ್ಷ 80 ಸಾವಿರ ಮೆಗಾಜೂಲ್. ಎರಡೂ ಸೇರಿ 6 ಲಕ್ಷ. ವಿದ್ಯುತ್ತಿನ ಯೂನಿಟ್ಟಿಗೆ ತಿರುಗಿಸಿದರೆ 1 ಲಕ್ಷ 66 ಸಾವಿರ. ತಳಪಾಯ, ನೆಲಹಾಸು, ಚಾವಣಿಯ ಹೊದಿಕೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇದೇ ಜಾಗದಲ್ಲಿ ಹಳೆಯದನ್ನು ಕೆಡವಿ ಪುರಸಭೆಯೊಂದು ‘ಹಸಿರು ಕಟ್ಟಡ’ ಕಟ್ಟಿತು, ಮಾಡಿನ ಮೇಲೆ 20 ಕಿಲೋವ್ಯಾಟಿನ ಸೌರಫಲಕ ಹಾಕಿತು ಎನ್ನೋಣ. ನಮ್ಮ ಬಿಸಿಲಿಗೆ ಅದು ವರ್ಷಕ್ಕೆ 28,000 ಯೂನಿಟ್ ಆಸುಪಾಸು ಕೊಟ್ಟೀತು. ಶಾಖದ ಯೂನಿಟ್ಟೂ ವಿದ್ಯುತ್ತಿನ ಯೂನಿಟ್ಟೂ ಒಂದೇ ಬೆಲೆಯವಲ್ಲ, ನಿಜ. ಆದರೂ ಅಳತೆಯ ಅಂದಾಜಿಗೆ ಸಾಕು. ಕೆಡವಿದ ಗೋಡೆ ಮತ್ತು ತೊಲೆಗಳಲ್ಲಿ ಇದ್ದಷ್ಟು ಶಕ್ತಿಯನ್ನು ಆ ಫಲಕಗಳು ಹಿಂದಿರುಗಿಸಲು ಆರು ವರ್ಷ ಬೇಕು. ಹೊಸ ಕಾಂಕ್ರೀಟು, ಹೊಸ ಉಕ್ಕು, ಗಾಜಿಗಾಗಿ ಸುಟ್ಟದ್ದು ಅದರ ಮೇಲೆ. ಕೆಡವಿದ 280 ಟನ್ ಅವಶೇಷವನ್ನು ಯಾವುದೋ ಕೆರೆಯ ಅಂಗಳಕ್ಕೆ ಸುರಿದು ಬಂದ ಲಾರಿಗಳ ಡೀಸೆಲ್ ಬೇರೆ.

ಒಂದು ಕಟ್ಟಡ ಎಷ್ಟು ಹಸಿರು ಎಂದು ಕೇಳುವ ಮೊದಲು ಅಲ್ಲಿ ಏನು ನಿಂತಿತ್ತು ಎಂದು ಕೇಳಬೇಕು ಅನ್ನುವುದು ಇದಕ್ಕೇ. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ. ಮಲ್ಲೇಶ್ವರದ ರಾಜಾ ಮಿಲ್ ಇದ್ದಲ್ಲಿ ಇಂದು ಮಂತ್ರಿ ಮಾಲ್ ಇದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ವಸತಿ ಎದ್ದಿದೆ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಗಿ ಸಾರ್ವಜನಿಕರಿಗೆ ತೆರೆದುಕೊಂಡಾಗ ಹಳೆಯ ಗೋಡೆ, ಕಾವಲು ಗೋಪುರಗಳಲ್ಲಿ ಒಂದಿಷ್ಟಾದರೂ ಉಳಿದವು. ಕಾರ್ಖಾನೆಗಳಿಗೆ ಆ ಪುಣ್ಯ ಬಂದದ್ದು ಕಡಿಮೆ.

ಮಂಡ್ಯ ಜಿಲ್ಲೆಯ ಕಟ್ಟಡಗಳ ಕಥೆಯನ್ನು ನೀರಿನಿಂದಲೇ ಶುರುಮಾಡಬೇಕು. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಆ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, 1930ರ ದಶಕದ ಆರಂಭಕ್ಕೆ ಮಂಡ್ಯದ ಬಯಲಿಗೆ ಇಳಿಯಿತು. ನೀರು ಬಂದರೆ ಕಬ್ಬು, ಕಬ್ಬು ಬಂದರೆ ಗಾಣ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಅಂದರೆ ‘ಮೈಷುಗರ್’, ಹುಟ್ಟಿತು, ಮರುವರ್ಷ ಕಬ್ಬು ಅರೆಯಲು ಆರಂಭಿಸಿತು. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ಮೈಷುಗರ್ ಜಿಲ್ಲೆಗಿಂತ ಹಿರಿಯದು. ಮಂಡ್ಯದ ರೈತರು ಇಂದಿಗೂ ಕೋಲ್ಮನ್‌ರನ್ನು ಹೆಸರು ಹಿಡಿದು ನೆನೆಯುತ್ತಾರೆ.

ಮೈಷುಗರ್ ಸತ್ತ ಕಾರ್ಖಾನೆಯಲ್ಲ ಎಂಬುದನ್ನು ಇಲ್ಲೇ ಒತ್ತಿ ಹೇಳಬೇಕು. ಕೆಲವು ವರ್ಷ ನಿಂತುಹೋಗಿ, ಖಾಸಗಿಯವರಿಗೆ ಕೊಡಬಾರದೆಂದು ರೈತರು ಹೋರಾಡಿ, 2022ರಲ್ಲಿ ಸರ್ಕಾರಿ ಒಡೆತನದಲ್ಲೇ ಮತ್ತೆ ಅರೆಯಲು ತೊಡಗಿದ ಕಾರ್ಖಾನೆ ಅದು. ನಡೆಯುವ ಕಾರ್ಖಾನೆಯ ಅತ್ಯುತ್ತಮ ಮರುಬಳಕೆ ಕಾರ್ಖಾನೆಯಾಗಿಯೇ ಉಳಿಯುವುದು. ಆದರೆ ಹೊಸ ಕಾರ್ಖಾನೆಯನ್ನು ಬೇರೆ ಜಾಗದಲ್ಲಿ ಕಟ್ಟುವ ಮಾತು ಆಗಾಗ ಸರ್ಕಾರದ ಮಟ್ಟದಲ್ಲೇ ಕೇಳಿಬರುತ್ತದೆ. ಆ ದಿನ ಬಂದರೆ ಈ ಹಳೆಯ ಪ್ರಾಂಗಣದ ಗತಿಯೇನು? ಉತ್ತರವನ್ನು ಈಗಲೇ ಯೋಚಿಸಿಟ್ಟಿರದಿದ್ದರೆ ಬುಲ್ಡೋಜರ್ ಅದನ್ನು ಒಂದು ವಾರದಲ್ಲಿ ತೀರ್ಮಾನಿಸಿಬಿಡುತ್ತದೆ.

ಸಕ್ಕರೆ ಕಾರ್ಖಾನೆಯ ಪ್ರಾಂಗಣ ಒಂದೇ ಕಟ್ಟಡವಲ್ಲ. ಅರೆಯುವ ಮನೆ, ರಸ ಕುದಿಸುವ ಮನೆ, ಬಾಯ್ಲರ್ ಮನೆ, ಸಕ್ಕರೆ ಗೋದಾಮು, ಕಾರ್ಯಾಗಾರ, ಕಚೇರಿ: ಪ್ರತಿಯೊಂದಕ್ಕೂ ಅದರದೇ ಆಯುಸ್ಸು, ಅದರದೇ ಕಾಯಿಲೆ. ಇದನ್ನು ತಿಳಿಯಲು ಸಕ್ಕರೆಯ ರಸಾಯನ ಸ್ವಲ್ಪ ಗೊತ್ತಿರಬೇಕು. ಬಿಳಿ ಸಕ್ಕರೆ ತೆಗೆಯುವ ನಮ್ಮ ಬಹುಪಾಲು ಕಾರ್ಖಾನೆಗಳು ಕಬ್ಬಿನ ಹಾಲಿಗೆ ಸುಣ್ಣದ ತಿಳಿ ಸೇರಿಸಿ, ಗಂಧಕವನ್ನು ಉರಿಸಿದ ಹೊಗೆಯನ್ನು ಅದರೊಳಗೆ ಹಾಯಿಸುತ್ತವೆ. ಗಂಧಕದ ಡೈಆಕ್ಸೈಡು ಸುಣ್ಣದೊಡನೆ ಕೂಡಿ ಕ್ಯಾಲ್ಸಿಯಂ ಸಲ್ಫೈಟಾಗಿ ತಳಕ್ಕಿಳಿಯುವಾಗ ಬಣ್ಣ, ಕೊಳೆಗಳನ್ನೂ ಹಿಡಿದುಕೊಂಡು ಇಳಿಯುತ್ತದೆ. ರಸ ತಿಳಿಯಾಗುತ್ತದೆ. ಆದರೆ ಕೊಳವೆಗಳಿಂದ ಸೋರಿದ ಚೂರು ಹೊಗೆಯೂ ಅಲ್ಲಿನ ಹಬೆಯ ತೇವದೊಡನೆ ಸೇರಿ ಆಮ್ಲವಾಗಿ ಉಕ್ಕಿನ ಮೇಲೆ ಕೂರುತ್ತದೆ. ಹತ್ತಾರು ಹಂಗಾಮು ಹೀಗೆ ಕಳೆದ ಮನೆಯ ತೊಲೆ ಹೊರಗಿನಿಂದ ಬಣ್ಣ ಬಳಿದುಕೊಂಡು ನೆಟ್ಟಗೆ ನಿಂತಿದ್ದರೂ ಒಳಗೆ ತೆಳುವಾಗಿರಬಹುದು. ನೆಲಕ್ಕೆ ಚೆಲ್ಲಿದ ಕಾಕಂಬಿಯದು ಮತ್ತೊಂದು ಉಪದ್ರವ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಕಾಂಕ್ರೀಟಿನೊಳಗಿನ ಸುಣ್ಣವನ್ನು ಕರಗಿಸುತ್ತದೆ. ರಸ ಕುದಿಸುವ ಮನೆಯ ನೆಲ ಉಬ್ಬುತಗ್ಗಾಗಿ, ಜಲ್ಲಿ ಹೊರಬಿದ್ದು ನಿಲ್ಲುವುದು ಹೀಗೆ.

ಗೋದಾಮಿನ ಕಥೆ ಇದಕ್ಕೆ ಪೂರ್ತಿ ತದ್ವಿರುದ್ಧ. ಸಕ್ಕರೆಗೆ ಗಾಳಿಯ ತೇವ ಹೀರುವ ಗುಣ ಇರುವುದರಿಂದ ಗೋದಾಮನ್ನು ಮೊದಲಿನಿಂದಲೂ ತೇವಕ್ಕೆ ಹೆದರಿಯೇ ಕಟ್ಟುತ್ತಾರೆ: ಎತ್ತರಿಸಿದ ನೆಲ, ದಪ್ಪ ಗೋಡೆ, ಸೋರದ ಮಾಡು. ಐದು ಮೀಟರ್ ಎತ್ತರಕ್ಕೆ ಪೇರಿಸಿದ ಸಕ್ಕರೆ ಚೀಲಗಳು ಚದರ ಮೀಟರ್ ನೆಲದ ಮೇಲೆ ನಾಲ್ಕು ಟನ್ನಿನಷ್ಟು ಭಾರ ಹೇರುತ್ತವೆ. ಗ್ರಂಥಾಲಯದ ಪುಸ್ತಕದ ಕಪಾಟುಗಳು ಹೇರುವುದು ಒಂದು ಟನ್ನಿನ ಒಳಗೆ. ತೇವವಿಲ್ಲದ, ಇಷ್ಟು ಬಲವಾದ ನೆಲದ ಒಂದು ಹಜಾರ ಸಿಕ್ಕರೆ ನಗರಸಭೆ ಅದನ್ನು ಗ್ರಂಥಾಲಯಕ್ಕೋ ಊರಿನ ದಾಖಲೆಗಳ ಭಂಡಾರಕ್ಕೋ ಕೊಡದೆ ಬೇರೆ ಯಾವುದಕ್ಕೆ ಕೊಡಬೇಕು? ಕುದಿಸುವ ಮನೆಯನ್ನು ಬಿಚ್ಚಬೇಕಾಗಬಹುದು, ಗೋದಾಮನ್ನು ಮುಟ್ಟಬಾರದು. ಹಳೆಯ ಕಾರ್ಖಾನೆಯನ್ನು ಇಡಿಯಾಗಿ ಉಳಿಸಿ ಎನ್ನುವುದೂ ಇಡಿಯಾಗಿ ಕೆಡವಿ ಎನ್ನುವುದೂ ಒಂದೇ ಬಗೆಯ ಸೋಮಾರಿತನ ಎಂದು ನನಗನ್ನಿಸುತ್ತದೆ.

ಹಾಗಾದರೆ ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ತಿಳಿಯುವುದು ಹೇಗೆ? ಮೊದಲ ಪರೀಕ್ಷೆ ಬಹಳ ಸರಳ. ಕಾಂಕ್ರೀಟಿನ ಒಂದು ಮೂಲೆಯನ್ನು ಸ್ವಲ್ಪ ಒಡೆದು, ಹೊಸದಾಗಿ ಕಂಡ ಮುಖದ ಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುವುದು. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರೆಲ್ಲ ಬ್ಯುರೆಟ್ಟಿನ ಕೆಳಗೆ ಹಿಡಿದ ಅದೇ ದ್ರಾವಣ. ಕಾಂಕ್ರೀಟು ಇನ್ನೂ ಕ್ಷಾರವಾಗಿದ್ದರೆ ಅಲ್ಲಿ ಕಡುಗುಲಾಬಿ ಬಣ್ಣ ಅರಳುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ಒಳಹೊಕ್ಕು ಕ್ಷಾರವನ್ನು ತಿಂದಿದ್ದರೆ ಆ ಭಾಗ ಬಣ್ಣ ಬದಲಿಸುವುದಿಲ್ಲ. ಕ್ಷಾರ ಇರುವವರೆಗೆ ಒಳಗಿನ ಕಂಬಿಯ ಮೇಲೆ ತೆಳ್ಳನೆಯ ರಕ್ಷಾಪದರ ಇರುತ್ತದೆ. ಕ್ಷಾರ ಹೋದ ಮೇಲೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಬಣ್ಣ ಬಾರದ ಭಾಗ ಕಂಬಿಯವರೆಗೆ ಮುಟ್ಟಿದೆಯೇ ಇಲ್ಲವೇ ಎಂಬ ಒಂದೆರಡು ಸೆಂಟಿಮೀಟರಿನ ಅಂತರದಲ್ಲಿ ಕಟ್ಟಡದ ಮುಂದಿನ ಐವತ್ತು ವರ್ಷ ನಿಂತಿರುತ್ತದೆ. ಇದರ ಜೊತೆಗೆ ಸುತ್ತಿಗೆಯ ಪುಟಿತದ ಪರೀಕ್ಷೆ, ಶ್ರವಣಾತೀತ ಶಬ್ದದ ಪರೀಕ್ಷೆ, ಉಕ್ಕಿನ ದಪ್ಪ ಅಳೆಯುವ ಉಪಕರಣ ಎಲ್ಲವೂ ಇವೆ. ಯಾವುದೂ ಅಪರೂಪದ ತಂತ್ರಜ್ಞಾನವಲ್ಲ.

ಸುಣ್ಣದ ಗಾರೆಯ ಗೋಡೆಯಲ್ಲಿ ಕಂಬಿಯೇ ಇಲ್ಲದ್ದರಿಂದ ಅಲ್ಲಿ ಇದೇ ಇಂಗಾಲದ ಡೈಆಕ್ಸೈಡು ಮಿತ್ರನಾಗುತ್ತದೆ. 100 ಗ್ರಾಂ ಸುಣ್ಣಕಲ್ಲನ್ನು ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡು ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ಅದು ನೀರು ಕುಡಿದು, ಗಾರೆಯಾಗಿ, ಗೋಡೆಯಲ್ಲಿ ಕೂತ ಮೇಲೆ ವರ್ಷಗಟ್ಟಲೆ ಗಾಳಿಯಿಂದ ಅದೇ ಅನಿಲವನ್ನು ಹೀರುತ್ತಾ ಮತ್ತೆ ಸುಣ್ಣಕಲ್ಲಾಗುತ್ತಾ ಹೋಗುತ್ತದೆ. ಹಳೆಯ ಗಾರೆ ಗೋಡೆ ಗೂಡಿನಲ್ಲಿ ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಇಷ್ಟು ವರ್ಷಗಳಲ್ಲಿ ವಾಪಸು ಪಡೆದಿರುತ್ತದೆ. ಗೋಡೆಯನ್ನು ಕೆಡವಲೇಬೇಕಾಗಿ ಬಂದರೂ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗಿರುವ ಕಾರಣ ಇಟ್ಟಿಗೆಗಳು ಮುರಿಯದೆ ಬಿಡಿಸಿಕೊಳ್ಳುತ್ತವೆ. ಸಿಮೆಂಟಿನ ಗೋಡೆಯಲ್ಲಿ ಗಾರೆ ಉಳಿದು ಇಟ್ಟಿಗೆ ಒಡೆಯುತ್ತದೆ.

ನಾಲೆಯ ಬಯಲಿನಲ್ಲಿ ಇನ್ನೊಂದು ಮುನ್ನೆಚ್ಚರಿಕೆ ಬೇಕು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಎಂಟೊಂಬತ್ತು ದಶಕ ನೀರು ಹರಿದು ಎಷ್ಟೋ ಕಡೆ ಅಂತರ್ಜಲ ಮೇಲೆ ಬಂದಿದೆ, ಮಣ್ಣು ಚೌಳಾಗಿದೆ. ಉಪ್ಪು ಕರಗಿದ ಆ ನೀರು ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯಲ್ಲಿ ಮೂರು ನಾಲ್ಕು ಅಡಿ ಏರುತ್ತದೆ. ಸುಣ್ಣದ ಗಿಲಾಯಿ ಇದ್ದರೆ ತೇವ ಅದರ ಮೂಲಕ ಆರಿಹೋಗುತ್ತದೆ, ಉಪ್ಪು ಹೊರಗೆ ಬಿಳಿಯ ಹಿಟ್ಟಾಗಿ ಉದುರುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಅದರ ಮೇಲೆ ಸಿಮೆಂಟ್ ಗಿಲಾಯಿ ಹೊಡೆದರೆ ತೇವಕ್ಕೆ ದಾರಿ ಮುಚ್ಚುತ್ತದೆ, ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹಳೆಯ ಕಟ್ಟಡಗಳು ಸತ್ತದ್ದು ಮುದಿತನದಿಂದ ಎಂದು ನಾವು ಹೇಳುತ್ತೇವೆ. ಬಹಳಷ್ಟು ಸತ್ತದ್ದು ರಿಪೇರಿಯಿಂದ. ಗಾರೆ ಕೆಲಸ ಬಲ್ಲ ಕೈಗಳು ಜಿಲ್ಲೆಯಲ್ಲಿ ಇನ್ನೂ ಇರುವಾಗಲೇ ಹೊಸಬರಿಗೆ ಆ ಕೆಲಸ ಕಲಿಸುವ ಏರ್ಪಾಡು ಆಗಬೇಕು.

ಅತ್ಯಂತ ಅಪಾಯದ ವಸ್ತು ಗೋಡೆಯಲ್ಲಿಲ್ಲ, ತಲೆಯ ಮೇಲಿದೆ. ಹಳೆಯ ಶೆಡ್ಡುಗಳ ಬೂದು ಬಣ್ಣದ ಅಲೆಯಲೆಯ ಶೀಟು ಸಾಮಾನ್ಯವಾಗಿ ಕಲ್ನಾರಿನದು. ಸಿಮೆಂಟಿನೊಳಗೆ ಭದ್ರವಾಗಿ ಹುದುಗಿರುವಷ್ಟು ಕಾಲ ಅದರ ನಾರು ಹೊರಬರುವುದು ಕಡಿಮೆ. ಒಡೆದಾಗ, ಗರಗಸದಲ್ಲಿ ಕೊಯ್ದಾಗ, ಮೇಲಿಂದ ಎಸೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಪ್ಪತ್ತು, ಮೂವತ್ತು, ನಲವತ್ತು ವರ್ಷದ ಮೇಲೆ ಅದು ಕ್ಯಾನ್ಸರ್ ಆಗಿ ಎದುರಾಗಬಹುದು. ಆ ಹೊತ್ತಿಗೆ ಯಾವ ಗುತ್ತಿಗೆದಾರನ ಯಾವ ಕೆಲಸದಲ್ಲಿ ಹೀರಿದ ನಾರೆಂದು ಆ ಕೂಲಿಕಾರನೂ ಹೇಳಲಾರ. ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಶೀಟನ್ನು ಮುರಿಯದೆ ಇಳಿಸಿ, ಸುತ್ತಿ ಕಟ್ಟಿ, ಅಪಾಯಕಾರಿ ತ್ಯಾಜ್ಯದ ಜಾಗಕ್ಕೆ ಕಳಿಸಬೇಕು. ಕೆಲಸದವರಿಗೆ ನಾರು ತಡೆಯುವ ಮುಖಗವಸು ಕೊಡಬೇಕು. ಈ ಒಂದು ಖರ್ಚಿನಲ್ಲಿ ಒಂದು ಪೈಸೆಯೂ ಉಳಿಸಬಾರದು. ಶೀಟು ಹೋದ ಜಾಗಕ್ಕೆ ಮಂಗಳೂರು ಹೆಂಚೋ, ಶಾಖ ತಡೆಯುವ ಪದರವಿರುವ ಲೋಹದ ಹೊದಿಕೆಯೋ ಬರಬಹುದು. ಸೌರಫಲಕ ಬೇಕಿದ್ದರೆ ಅದರ ಚದರ ಮೀಟರಿಗೆ 12ರಿಂದ 15 ಕಿಲೋ ಭಾರವನ್ನೂ ಮುಂಗಾರಿಗೆ ಮುನ್ನಿನ ಬಿರುಗಾಳಿಯ ಎಳೆತವನ್ನೂ ತೊಲೆ ತಾಳುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು.

ಇನ್ನು ಗಾಳಿ. ಕಾರ್ಖಾನೆ ಕಟ್ಟಿದವರಿಗೆ ಏರ್‌ಕಂಡೀಷನ್ ಇರಲಿಲ್ಲ; ಬಾಯ್ಲರು, ಹಬೆ, ನೂರಾರು ಕೆಲಸಗಾರರ ಬೆವರು ಇತ್ತು. ಅದಕ್ಕೇ ಮಾಡು ಎತ್ತರ, ನೆತ್ತಿಯ ಮೇಲೆ ಉದ್ದಕ್ಕೂ ತೆರೆದ ಬಾಯಿ. ಬಿಸಿ ಗಾಳಿ ಹಗುರವಾಗಿ ಮೇಲಿನಿಂದ ಹೊರಟಂತೆ ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಒಳಬರುತ್ತದೆ. ಮೇಲಿನ ಬಾಯಿಗೂ ಕೆಳಗಿನ ಕಿಟಕಿಗೂ 10 ಮೀಟರ್ ಅಂತರವಿದ್ದು, ಒಳಗಿನ ಗಾಳಿ ಹೊರಗಿನದಕ್ಕಿಂತ 3 ಡಿಗ್ರಿ ಬೆಚ್ಚಗಿದ್ದರೂ ಸಾಕು. ಮೇಲೊಂದು ಕೆಳಗೊಂದು ಚದರ ಮೀಟರ್ ಕಿಂಡಿಯ ಮೂಲಕ ಗಂಟೆಗೆ 2,000 ಘನ ಮೀಟರಿನಷ್ಟು ಗಾಳಿ ತಾನಾಗಿ ಹರಿಯುತ್ತದೆ. ಎತ್ತರ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು. ಇದಕ್ಕೆ ಕರೆಂಟಿನ ಬಿಲ್ಲಿಲ್ಲ. ಒಂದೂವರೆ ಇಟ್ಟಿಗೆಯ ಗೋಡೆ ಮಧ್ಯಾಹ್ನದ ಬಿಸಿಲನ್ನು ಒಳಗೆ ದಾಟಿಸಲು ಎಂಟು ಹತ್ತು ಗಂಟೆ ತೆಗೆದುಕೊಳ್ಳುತ್ತದೆ. ಸರ್ಕಾರಿ ಕಚೇರಿ, ಗ್ರಂಥಾಲಯ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಆ ಕಾವು ಇನ್ನೂ ಗೋಡೆಯೊಳಗೇ ಇರುತ್ತದೆ. ಇರುಳಿನ ತಂಪು ಗಾಳಿಗೆ ಕಿಟಕಿ ತೆರೆದಿಟ್ಟರೆ ಬೆಳಗಿನೊಳಗೆ ಹೊರಟುಹೋಗುತ್ತದೆ. ರಾತ್ರಿ ಜನ ಮಲಗುವ ಮನೆಗೆ ಇದೇ ಗೋಡೆ ಬೇಸಿಗೆಯಲ್ಲಿ ಹಿಂಸೆ, ಹಗಲು ಕೆಲಸ ಮಾಡುವ ಕಟ್ಟಡಕ್ಕೆ ವರ.

ಹಳೆಯ ಭಾರಿ ಹಜಾರವನ್ನು ಪೌರ ಸೌಲಭ್ಯವಾಗಿಸಿದ ಉದಾಹರಣೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನೆದರ್ಲೆಂಡಿನ ಟಿಲ್ಬರ್ಗ್ ಊರಿನದು. 1932ರಲ್ಲಿ ಕಟ್ಟಿದ ರೈಲು ಎಂಜಿನ್ ರಿಪೇರಿ ಶೆಡ್ಡು ಅದು, ಹೆಚ್ಚುಕಡಿಮೆ ನಮ್ಮ ಮೈಷುಗರ್ ವಯಸ್ಸಿನದು. 2019ರ ಜನವರಿಯಲ್ಲಿ ಅದು ‘ಲೋಕ್‌ಹಾಲ್’ ಎಂಬ ಸಾರ್ವಜನಿಕ ಗ್ರಂಥಾಲಯವಾಗಿ ತೆರೆಯಿತು, ಅದೇ ವರ್ಷ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಕಟ್ಟಡವೆಂಬ ಗೌರವ ಪಡೆಯಿತು. 15 ಮೀಟರ್ ಎತ್ತರದ ಆ ಹಜಾರವನ್ನು ಇಡಿಯಾಗಿ ಬಿಸಿ ಮಾಡಲು ಹೊರಟಿದ್ದರೆ ಊರಿನ ಬೊಕ್ಕಸ ಬರಿದಾಗುತ್ತಿತ್ತು. ಅವರು ಜನ ಕೂತು ಓದುವ ಜಾಗಗಳನ್ನು ಮಾತ್ರ ಬೆಚ್ಚಗಿಟ್ಟರು. ಆರು ಬೃಹತ್ ಬಟ್ಟೆಯ ಪರದೆಗಳನ್ನು ಮೇಲಿನಿಂದ ಇಳಿಬಿಟ್ಟು, ಬೇಕಾದಾಗ ಸರಿಸಿ ಕೋಣೆ ಮಾಡಿಕೊಳ್ಳುವಂತೆ ಏರ್ಪಡಿಸಿದರು. ಟಿಲ್ಬರ್ಗ್ ಒಂದು ಕಾಲದ ನೇಯ್ಗೆಯ ಊರು. ಪರದೆಗಳನ್ನು ಅಲ್ಲಿನ ಜವಳಿ ಮ್ಯೂಸಿಯಮ್ಮಿನ ನೆರವಿನಿಂದಲೇ ರೂಪಿಸಿದರು. ಮಂಡ್ಯದಲ್ಲಿ ಬೇಕಾದದ್ದು ಬಿಸಿಯಲ್ಲ, ತಂಪು. ತತ್ವ ಅದೇ: ಹಜಾರವನ್ನು ಗಾಳಿಗೆ ಬಿಡಿ, ಕಂಪ್ಯೂಟರಿನ ಕೋಣೆಯನ್ನೋ ಹಳೆಯ ದಾಖಲೆಗಳ ಕೋಣೆಯನ್ನೋ ಪೆಟ್ಟಿಗೆಯೊಳಗೆ ಪೆಟ್ಟಿಗೆಯಂತೆ ಒಳಗೆ ಕಟ್ಟಿ ಅಷ್ಟನ್ನೇ ತಣ್ಣಗಿಡಿ.

ಮರುಬಳಕೆ ಯಾವಾಗಲೂ ಗೆಲ್ಲುತ್ತದೆಯೇ? ಇಲ್ಲ. ಅಮೆರಿಕದ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್ ನಡೆಸಿದ, 2012ರ ಹೊತ್ತಿಗೆ ಪ್ರಕಟವಾದ ಅಧ್ಯಯನದ ಪ್ರಕಾರ ಶಕ್ತಿ ಉಳಿಸುವ ಹೊಸ ಕಟ್ಟಡವೊಂದು ತನ್ನ ನಿರ್ಮಾಣದಿಂದಾದ ಹವಾಮಾನದ ಹಾನಿಯನ್ನು ತೀರಿಸಲು 10ರಿಂದ 80 ವರ್ಷ ಬೇಕು. ಆದರೆ ಅದೇ ಅಧ್ಯಯನದಲ್ಲಿ ಗೋದಾಮುಗಳನ್ನು ವಸತಿ ಸಮುಚ್ಚಯವಾಗಿ ಪರಿವರ್ತಿಸಿದಾಗ ಲಾಭ ಕರಗಿಹೋದದ್ದೂ ಕಂಡುಬಂತು. ಕಾರಣ ಇಷ್ಟೇ: ಖಾಲಿ ಹಜಾರದೊಳಗೆ ಹತ್ತಾರು ಮನೆ, ಅಡುಗೆಮನೆ, ಬಚ್ಚಲು, ಗೋಡೆ, ಕೊಳವೆ ತುಂಬಲು ಹೊಸ ಸಾಮಗ್ರಿ ವಿಪರೀತ ಬೇಕಾಯಿತು. ಹೊಸ ಬಳಕೆ ಹಳೆಯ ಕಟ್ಟಡದ ಆಕಾರಕ್ಕೆ ಹೊಂದಬೇಕು. ದೊಡ್ಡ ಹಜಾರಕ್ಕೆ ದೊಡ್ಡ ಹಜಾರ ಕೇಳುವ ಕೆಲಸವನ್ನೇ ತರಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಈ ಮಾತಿಗೆ ನಮ್ಮದೇ ಸಾಕ್ಷಿ. 1902ರ ಜೂನ್‌ನಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅಷ್ಟು ದೂರದ ತಂತಿ ಆ ಕಾಲದ ಜಗತ್ತಿಗೇ ಬೆರಗು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹತ್ತಿದ್ದು ಅಲ್ಲಿನ ವಿದ್ಯುತ್ತಿನಿಂದಲೇ. ಯಂತ್ರಗಳು ಬದಲಾಗಿವೆ, ಉತ್ಪಾದನೆ ಹೆಚ್ಚಿದೆ, ಕಾವೇರಿಯ ಇಳಿಜಾರು ಮತ್ತು ಅದಕ್ಕೆ ಹೊಂದಿಸಿದ ಕೆಲಸ ಒಂದೇ ಆಗಿ ಉಳಿದಿವೆ. ಯಂತ್ರದ ಆಯುಸ್ಸು ಮೂವತ್ತು ನಲವತ್ತು ವರ್ಷ. ಸರಿಯಾಗಿ ಕಟ್ಟಿದ ಗೋಡೆಯದು ನೂರು, ನೂರೈವತ್ತು.

ಹಾಗಾದರೆ ಮಂಡ್ಯ ಜಿಲ್ಲೆಯ ಮದ್ದೂರಿನಂಥ ಊರಲ್ಲಿ ಹಳೆಯ ಹಜಾರಕ್ಕೆ ಯಾವ ಕೆಲಸ ಹೊಂದುತ್ತದೆ? ಅಲ್ಲಿನ ಎಳನೀರು ಮಾರುಕಟ್ಟೆ ದೇಶದ ಅತಿ ದೊಡ್ಡ ಎಳನೀರು ಮಾರುಕಟ್ಟೆಗಳ ಸಾಲಿನದು. ಲಾರಿಗಟ್ಟಲೆ ಕಾಯಿ ಇಡಿಯಾಗಿಯೇ ಹೊರ ಊರುಗಳಿಗೆ ಹೋಗುತ್ತದೆ. ಆದರೆ ಇಲ್ಲೇ ಕೊಚ್ಚಿ ಕುಡಿದ ಎಳನೀರಿನ ಬುರುಡೆ ಮದ್ದೂರು, ಮಂಡ್ಯ, ಮಳವಳ್ಳಿ ಮೂರೂ ಊರಿನ ರಸ್ತೆಬದಿಯ ಸಮಸ್ಯೆ. ಒಂದು ಕಾಯಿಯಲ್ಲಿ ಕುಡಿಯಲು ಸಿಗುವುದು ಕಾಲು ಲೀಟರಿಗಿಂತ ತುಸು ಹೆಚ್ಚು, ಬಿಸಾಡುವುದು ಒಂದು ಕಿಲೋಗೂ ಮಿಕ್ಕು. ಅದರ ಬಹುಪಾಲು ತೇವ. ಸುಡಲು ಹೋದರೆ ಹೊಗೆ, ಹಾಗೇ ಬಿಟ್ಟರೆ ಒಳಗೆ ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆಯ ತವರು. ತರಕಾರಿ ಕಸದಂತೆ ಬೇಗ ಕೊಳೆಯುವುದೂ ಇಲ್ಲ, ಏಕೆಂದರೆ ಸಿಪ್ಪೆಯಲ್ಲಿ ಲಿಗ್ನಿನ್ ಹೆಚ್ಚು. ಮರಕ್ಕೆ ಗಟ್ಟಿತನ ಕೊಡುವ ಈ ವಸ್ತುವನ್ನು ಚೆನ್ನಾಗಿ ಬಿಡಿಸಬಲ್ಲವು ಮುಖ್ಯವಾಗಿ ಅಣಬೆಯ ಜಾತಿಯ ಕೆಲವು ಶಿಲೀಂಧ್ರಗಳು.

ಬುರುಡೆಯನ್ನು ಸೀಳಿ, ಜಜ್ಜಿ, ಹಿಂಡಿ ನೀರು ತೆಗೆದು, ಬಿಸಿಲಿಗೆ ಹರಡಿ ಒಣಗಿಸಿ, ನಾರನ್ನೂ ಹುಡಿಯನ್ನೂ ಬೇರೆ ಮಾಡಿದರೆ ಕಸ ಸರಕಾಗುತ್ತದೆ. ನಾರು ಹಗ್ಗ, ಚಾಪೆಗೆ ಹೋಗುತ್ತದೆ. ಹುಡಿ ತನ್ನ ತೂಕದ ಆರೇಳು ಪಟ್ಟು ನೀರು ಹಿಡಿದಿಡುತ್ತದೆ. ಅಣಬೆಯ ಬೀಜದೊಡನೆ ಕೊಳೆಸಿ ಗೊಬ್ಬರ ಮಾಡಿದರೆ ಮಳವಳ್ಳಿ ಕಡೆಯ ಮಳೆಯಾಶ್ರಯದ ಹೊಲಗಳಿಗೆ ಅದಕ್ಕಿಂತ ಹೊಂದುವ ವಸ್ತು ಇನ್ನೊಂದಿಲ್ಲ. ಈ ಕೆಲಸಕ್ಕೆ ಏನೇನು ಬೇಕು ಎಂದು ನೋಡಿ: ತಡೆಯಿಲ್ಲದ ದೊಡ್ಡ ಹಜಾರ, ಗಾಳಿಯಾಡುವ ಎತ್ತರದ ಮಾಡು, ಮೂರು ಫೇಸ್ ವಿದ್ಯುತ್ತು, ಲಾರಿ ತಿರುಗುವ ಅಂಗಳ, ಸರಕು ಹರಡಿ ಒಣಗಿಸಲು ವಿಶಾಲವಾದ ಸಿಮೆಂಟ್ ಕಣ. ಭತ್ತ ಬೇಯಿಸಿ ಒಣಗಿಸುತ್ತಿದ್ದ ಹಳೆಯ ಅಕ್ಕಿ ಗಿರಣಿಯಲ್ಲಿ ಇದಿಷ್ಟೂ ಇದೆ. ಹೊಸದಾಗಿ ಕಟ್ಟಬೇಕಾದದ್ದು ಬಹಳ ಕಡಿಮೆ. ಬಾಗಿಲು ಮುಚ್ಚಿದ ಗಿರಣಿಯೊಂದನ್ನು ಪುರಸಭೆ ಕೊಳ್ಳುವುದೋ ದೀರ್ಘ ಗುತ್ತಿಗೆಗೆ ಪಡೆಯುವುದೋ ಹೊಸ ಘಟಕಕ್ಕೆ ಊರ ಹೊರಗೆ ಗದ್ದೆ ಸ್ವಾಧೀನ ಮಾಡಿಕೊಳ್ಳುವುದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು.

ನಾವು ಮೊದಲು ಊಹಿಸಿಕೊಂಡ 450 ಚದರ ಮೀಟರ್ ಮಾಡಿನ ಗಿರಣಿಯೇ ಇದು ಎಂದುಕೊಳ್ಳೋಣ. ಮಂಡ್ಯದ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ ಎರಡೂವರೆ ಲಕ್ಷ ಲೀಟರ್ ನೀರು ಮಾಡಿನಿಂದಲೇ ಇಳಿಯುತ್ತದೆ. ಯಂತ್ರ, ನೆಲ ತೊಳೆಯಲು ಅದು ಧಾರಾಳ. ಹಿಂಡಿದ ಸಿಪ್ಪೆಯ ರಸದಲ್ಲಿ ಟ್ಯಾನಿನ್ ಇರುವುದರಿಂದ ಅದನ್ನು ಚರಂಡಿಗೆ ಬಿಡುವಂತಿಲ್ಲ, ಶಿಂಷಾ ನದಿಗೆ ಬಿಡಲೇಬಾರದು. ಗೊಬ್ಬರದ ರಾಶಿಗೆ ತೇವ ಬೇಕಾದಾಗ ಅದನ್ನೇ ತಿರುಗಿಸಿ ಚಿಮುಕಿಸಬಹುದು. ಒಣ ಹುಡಿಯ ಧೂಳು ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಗಿರಣಿಯ ಕಾಲದ ಹಳೆಯ ವೈರಿಂಗ್ ಪೂರ್ತಿ ಹೋಗಿ ಧೂಳು ಹೊಗದ ಸ್ವಿಚ್ಚುಗಳು ಬರಬೇಕು, ಒಣ ನಾರಿನ ದಾಸ್ತಾನು ಯಂತ್ರದಿಂದ ದೂರ ಬೇರೆ ಗೋಡೆಯ ಆಚೆ ಇರಬೇಕು.

ಈ ಬದಲಾವಣೆಯ ನಕ್ಷೆಯಲ್ಲಿ ಮೊದಲು ಬರೆಯಬೇಕಾದ ಕೋಣೆ ಪೌರಕಾರ್ಮಿಕರದು. ಬೆಳಕು ಹರಿಯುವ ಮೊದಲೇ ಕೆಲಸಕ್ಕಿಳಿಯುವ ಹೆಂಗಸರಿಗೆ ಬಟ್ಟೆ ಬದಲಿಸಲು, ಕೈಕಾಲು ತೊಳೆಯಲು, ಕೂತು ಊಟ ಮಾಡಲು ನಮ್ಮ ಎಷ್ಟೋ ಊರುಗಳಲ್ಲಿ ಇಂದಿಗೂ ನೆಟ್ಟಗೆ ಒಂದು ಜಾಗವಿಲ್ಲ. ಗಿರಣಿಗಳಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಲೆಕ್ಕದ ಕೋಣೆ ಇರುತ್ತದೆ. ಯಜಮಾನರು ಕೂರುತ್ತಿದ್ದ ಆ ಕೋಣೆಗೆ ಗೋಡೆ ದಪ್ಪ, ಗಾಳಿ ಚೆನ್ನ, ಧೂಳು ಕಡಿಮೆ. ಅದಕ್ಕೆ ಶೌಚಾಲಯ, ಸ್ನಾನದ ಮನೆ, ಮಾಡಿನ ಮೇಲೆ ಬಿಸಿನೀರಿನ ಸೌರ ಹೀಟರು, ಪ್ರತಿಯೊಬ್ಬರಿಗೂ ಬೀಗವಿರುವ ಒಂದು ಕಪಾಟು ಕೊಟ್ಟು, ಯಂತ್ರ ಬರುವ ಮೊದಲೇ ಆ ಕೋಣೆಯ ಬೀಗದ ಕೈಯನ್ನು ಅವರಿಗೆ ಒಪ್ಪಿಸಬೇಕು.